ಎಸ್ಸೆಸ್ಸೆಲ್ಸಿಯಿಂದ ಸಂಬಳದವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಐಟಿಐ ಒಂದರಲ್ಲಿ ಜೆಟಿಒ, ಅಂದರೆ ಕಿರಿಯ ತರಬೇತಿ ಅಧಿಕಾರಿ. ಹುಡುಗರ ಬಾಯಲ್ಲಿ ‘ಫಿಟ್ಟರ್ ಸರ್’. ಕೆಲವು ವರ್ಷಗಳಿಂದ ಪ್ಲೇಸ್‌ಮೆಂಟ್ ಕೆಲಸವೂ ನನ್ನ ತಲೆಗೇ ಬಂದಿದೆ. ಅಡ್ಮಿಷನ್ ಕಿಟಕಿಯ ಮುಂದೆ, ಮದುವೆ ಊಟದ ಪಂಕ್ತಿಯಲ್ಲಿ, ವಾಟ್ಸಾಪ್‌ನಲ್ಲಿ, ಹಳೇ ವಿದ್ಯಾರ್ಥಿಗಳ ಪತ್ರಗಳಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ಸಾಕು.

## ಎಸ್ಸೆಸ್ಸೆಲ್ಸಿ ಆದ ಮೇಲೆ

“ಸರ್, ಈಗ ಯಾವ ಕೋರ್ಸಿಗೆ ಸ್ಕೋಪ್ ಇದೆ?”

ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ ಇದು. ಒಂದು ಕಾಲಕ್ಕೆ ಎಲೆಕ್ಟ್ರಾನಿಕ್ಸ್ ಅಂದರು. ಆಮೇಲೆ ಸಿವಿಲ್ ಅಂದರು. ಈಗ ಕಂಪ್ಯೂಟರ್ ಸೈನ್ಸ್ ಬಿಟ್ಟು ಬೇರೆ ಮಾತೇ ಇಲ್ಲ. ಸ್ಕೋಪ್ ಅನ್ನೋದು ಕೋಲಾರದ ಮಂಡಿಯ ಟೊಮೆಟೊ ರೇಟಿದ್ದ ಹಾಗೆ. ಈ ವಾರದ ರೇಟು ನೋಡಿ ಎಲ್ಲರೂ ನಾಟಿ ಮಾಡಿದರೆ, ಕೊಯ್ಲಿನ ಹೊತ್ತಿಗೆ ಊರೆಲ್ಲ ಟೊಮೆಟೊ. ನಿಮ್ಮ ಮಗ ಇವತ್ತು ಸೇರಿದರೆ ಹೊರಗೆ ಬರೋದು ಎರಡು, ಮೂರು ಅಥವಾ ಆರು ವರ್ಷದ ಮೇಲೆ.

ಅದಕ್ಕೇ ನಾನು ಬೇರೆ ಎರಡು ಪ್ರಶ್ನೆ ಕೇಳಿ ಅಂತೀನಿ. ಈ ಕೋರ್ಸ್ ಮಾಡಿದವರನ್ನು ನಮ್ಮ ಬಸ್ಸು ಹೋಗುವಷ್ಟು ದೂರದಲ್ಲಿ ಯಾರು ಕೆಲಸಕ್ಕೆ ತಗೊಳ್ತಾರೆ? ಕೋರ್ಸ್ ಮುಗಿದ ಮೇಲೆ ಮುಂದಕ್ಕೆ ಓದೋಕೆ ಬಾಗಿಲು ಇದೆಯಾ?

ಮೊದಲನೆಯದಕ್ಕೆ ಉತ್ತರ ಊರಿಂದ ಊರಿಗೆ ಬೇರೆ. ಬಿಡದಿ ಕಡೆಯವರಿಗೆ ಕಾರು ಮತ್ತು ಬಿಡಿಭಾಗ. ನರಸಾಪುರ, ದೇವನಹಳ್ಳಿ ಕಡೆಯವರಿಗೆ ಮೊಬೈಲ್ ಫೋನ್ ಜೋಡಣೆ. ಬೆಳಗಾವಿಯವರಿಗೆ ಫೌಂಡ್ರಿ, ಹೈಡ್ರಾಲಿಕ್ಸ್, ವಿಮಾನದ ಬಿಡಿಭಾಗ. ಗುಬ್ಬಿ ಹತ್ತಿರ 2023ರಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಶುರುವಾಗಿದೆ. ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಹತ್ತಿರದ ಇಂಡಸ್ಟ್ರಿಯಲ್ ಏರಿಯಾ ಸುತ್ತಿ ಬನ್ನಿ. ಗೇಟಿಗೆ ‘ಬೇಕಾಗಿದ್ದಾರೆ’ ಅಂತ ಬೋರ್ಡು ನೇತುಹಾಕಿರುತ್ತಾರೆ. ವಿಎಂಸಿ ಆಪರೇಟರ್, ಸಿಎನ್‌ಸಿ ಸೆಟ್ಟರ್ (ಎರಡೂ ಕಂಪ್ಯೂಟರ್ ಕೋಡ್‌ನಿಂದ ನಡೆಯುವ ಮೆಷಿನ್‌ಗಳ ಕೆಲಸ), ಟಿಗ್ ವೆಲ್ಡರ್, ಕ್ಯೂಸಿ ಇನ್‌ಸ್ಪೆಕ್ಟರ್. ಯಾವ ಹೆಸರು ಎಷ್ಟು ಗೇಟಿನಲ್ಲಿದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾವ ಕೌನ್ಸೆಲಿಂಗ್ ಮೇಳಕ್ಕಿಂತಲೂ ಆ ಚೀಟಿ ಉಪಯೋಗಕ್ಕೆ ಬರುತ್ತದೆ.

“ಮಾರ್ಕ್ಸ್ ಕಮ್ಮಿ ಬಂದಿದೆ, ಅದಕ್ಕೇ ಐಟಿಐಗೆ ಹಾಕೋಣ ಅಂತ. ಸರೀನಾ?”

ಐಟಿಐ ಸರಿ ಇರಬಹುದು. ಕಾರಣ ಸರಿ ಇಲ್ಲ.

ಮೊದಲ ತಿಂಗಳು ಹುಡುಗರಿಗೆ ನಾವು ಕೊಡೋದು ಒಂದು ಕಬ್ಬಿಣದ ತುಂಡು ಮತ್ತು ಒಂದು ಫೈಲ್, ಅಂದರೆ ಅರ. ತುಂಡನ್ನು ವೈಸ್‌ಗೆ ಕಚ್ಚಿಸಿ, ನಾಲ್ಕೂ ಮೂಲೆ ಸರಿಯಾಗಿ 90 ಡಿಗ್ರಿ ಬರುವ ತನಕ ಉಜ್ಜಬೇಕು. ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣಬಾರದು. ಕಂಡರೆ ಮತ್ತೆ ಉಜ್ಜಬೇಕು. ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ಎರಡನೇ ವಾರದಲ್ಲಿ ಬ್ಯಾಗ್ ತಗೊಂಡು ಮನೆಗೆ ಹೋಗುವವರು ಪ್ರತಿ ವರ್ಷ ಇರುತ್ತಾರೆ. ಅವರಲ್ಲಿ ಒಳ್ಳೇ ಮಾರ್ಕ್ಸಿನವರೂ ಇರುತ್ತಾರೆ. ಕ್ಲಾಸಿನಲ್ಲಿ ತೂಕಡಿಸುತ್ತಿದ್ದ ಹುಡುಗ ಇಲ್ಲಿ ಊಟದ ಬೆಲ್ ಹೊಡೆದರೂ ಏಳದೆ ಕೂತಿರುವುದೂ ಉಂಟು.

ಜೊತೆಗೆ ಲೆಕ್ಕ, ಎಂಜಿನಿಯರಿಂಗ್ ಡ್ರಾಯಿಂಗ್ ಎರಡೂ ಇವೆ. ವರ್ನಿಯರ್‌ನಲ್ಲಿ 0.02 ಮಿ.ಮೀ. ಓದೋಕೆ ಬರಬೇಕು. ಓದು ಬೇಡ ಅಂತ ಬಂದವನಿಗೆ ಇಲ್ಲೂ ಓದು ತಪ್ಪೋದಿಲ್ಲ. ಮಗ ಮನೆಯಲ್ಲಿ ಫ್ಯಾನ್ ಬಿಚ್ಚಿ ನೋಡುತ್ತಾನಾ, ಸೈಕಲ್ ಚೈನ್ ತಾನೇ ಹಾಕಿಕೊಳ್ಳುತ್ತಾನಾ? ಹೌದು ಅಂದರೆ ಕರ್ಕೊಂಡು ಬನ್ನಿ, ಮಾರ್ಕ್ಸ್ ಎಷ್ಟೇ ಇರಲಿ.

“ಟ್ರೇಡ್ ಎಷ್ಟು ವರ್ಷದ್ದು ತಗೊಂಡ್ರೆ ಒಳ್ಳೇದು?”

ಐಟಿಐನಲ್ಲಿ ಕಲಿಯುವ ಕಸುಬಿಗೆ ಟ್ರೇಡ್ ಅನ್ನುತ್ತಾರೆ. ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್, ಮೆಷಿನಿಸ್ಟ್ ಎರಡು ವರ್ಷ. ವೆಲ್ಡರ್, ಕೋಪಾ (ಕಂಪ್ಯೂಟರ್ ಆಪರೇಟರ್) ಒಂದು ವರ್ಷ. ಬೇಗ ದುಡಿಯಲೇಬೇಕಾದ ಮನೆಗೆ ಒಂದು ವರ್ಷದ್ದು ಸರಿ. ಮುಂದೆ ಡಿಪ್ಲೊಮಾ ಮಾಡುವ ಆಸೆ ಸ್ವಲ್ಪವಾದರೂ ಇದ್ದರೆ ಎರಡು ವರ್ಷದ್ದೇ ತಗೊಳ್ಳಿ. ಯಾಕೆ ಅಂತ ಮುಂದಿನ ಉತ್ತರದಲ್ಲಿದೆ.

“ಐಟಿಐ ಮಾಡಿದ್ರೆ ಎಂಜಿನಿಯರ್ ಆಗೋ ದಾರಿ ಮುಚ್ಚಿ ಹೋಯ್ತು ಅಲ್ವಾ?”

ಮುಚ್ಚಿಲ್ಲ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಆದರೂ ಇನ್ನೊಮ್ಮೆ ಹೇಳುತ್ತೇನೆ.

ಎರಡು ವರ್ಷದ ಐಟಿಐ ಮುಗಿಸಿದವರು ಪಾಲಿಟೆಕ್ನಿಕ್‌ನಲ್ಲಿ ನೇರ ಎರಡನೇ ವರ್ಷದ ಡಿಪ್ಲೊಮಾಗೆ ಸೇರಬಹುದು. ಇದಕ್ಕೆ ಲ್ಯಾಟರಲ್ ಎಂಟ್ರಿ ಅನ್ನುತ್ತಾರೆ. ಡಿಪ್ಲೊಮಾ ಆದ ಮೇಲೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಬೆರಳು ಮಡಚಿ ಲೆಕ್ಕ ಹಾಕಿ. ಐಟಿಐ 2, ಡಿಪ್ಲೊಮಾ 2, ಬಿಇ 3. ಒಟ್ಟು 7 ವರ್ಷ. ಪಿಯುಸಿ ದಾರಿಯಲ್ಲಿ 2 ಮತ್ತು 4, ಒಟ್ಟು 6. ನೇರ ಡಿಪ್ಲೊಮಾ ಮಾಡಿದರೆ 3 ಮತ್ತು 3, ಅದೂ 6. ವ್ಯತ್ಯಾಸ ಒಂದೇ ವರ್ಷ. ಪಿಯುಸಿ ಹುಡುಗ ಮಧ್ಯದಲ್ಲಿ ಓದು ಬಿಟ್ಟರೆ ಕೈಯಲ್ಲಿರೋದು ಪಿಯುಸಿ ಮಾರ್ಕ್ಸ್ ಕಾರ್ಡು. ಈ ಹುಡುಗ ಬಿಟ್ಟರೆ ಕೈಯಲ್ಲಿ ಒಂದು ಟ್ರೇಡ್ ಇರುತ್ತದೆ.

ಇದರಲ್ಲಿ ಒಂದು ತೊಡಕಿದೆ. ಗಣಿತ. ಲ್ಯಾಟರಲ್‌ನಲ್ಲಿ ಹೋದವರು ಎಡವೋದು ಅಲ್ಲೇ. ಮೊದಲ ವರ್ಷದ ಪಾಠ ತಪ್ಪಿಹೋಗಿರುತ್ತದೆ, ಎರಡನೇ ವರ್ಷದ ಮೇಷ್ಟ್ರು ಅದು ಗೊತ್ತಿದೆ ಅಂದುಕೊಂಡು ಮುಂದೆ ಹೋಗುತ್ತಾರೆ. ಐಟಿಐ ಕೊನೇ ಆರು ತಿಂಗಳು ಸಂಜೆ ಒಂದು ಗಂಟೆ ಗಣಿತಕ್ಕೆ ಕೂತವರು ದಾಟಿದ್ದಾರೆ. “ಸೇರಿದ ಮೇಲೆ ನೋಡ್ಕೊಳ್ಳೋಣ” ಅಂದವರು ಬಹಳಷ್ಟು ಜನ ಬ್ಯಾಕ್‌ಲಾಗ್ ಇಟ್ಟುಕೊಂಡು ಸಿಕ್ಕಿಬಿದ್ದಿದ್ದಾರೆ.

“ಜಿಟಿಟಿಸಿ ಅಂತ ಕೇಳಿದ್ದೀವಿ. ಅದೂ ಐಟಿಐನಾ?”

ಅಲ್ಲ. ಅದು ಸರ್ಕಾರದ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಯಿತು. ಈಗ ಮೈಸೂರು, ಬೆಳಗಾವಿ, ಹಾಸನ, ಮಂಗಳೂರು, ಕಲಬುರಗಿ ಸೇರಿ ಹಲವು ಕಡೆ ಇದೆ. ಅಲ್ಲಿನ ಟೂಲ್ ಅಂಡ್ ಡೈ (ಉಪಕರಣ, ಅಚ್ಚು ತಯಾರಿ) ಡಿಪ್ಲೊಮಾ ಮೂರು ವರ್ಷ, ಅದರ ಮೇಲೆ ಒಂದು ವರ್ಷ ಕಾರ್ಖಾನೆಯೊಳಗೇ ತರಬೇತಿ. ಆ ನಾಲ್ಕನೇ ವರ್ಷವೇ ಅದರ ಜೀವಾಳ. ಓದು ಎಲ್ಲಿ ಮುಗಿಯಿತು, ಕೆಲಸ ಎಲ್ಲಿ ಶುರುವಾಯಿತು ಅಂತ ಗೊತ್ತಾಗದ ಹಾಗೆ ಹೊಲಿದಿದ್ದಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಅರ್ಜಿ ವಿಚಾರಿಸಿ. ಜೂನ್ ಕೊನೆಯಲ್ಲಿ ನನ್ನ ಹತ್ತಿರ ಬಂದು ಕೇಳಿದರೆ ಪ್ರಯೋಜನ ಇಲ್ಲ.

“ಹುಡುಗಿಗೆ ಫಿಟ್ಟರ್, ಎಲೆಕ್ಟ್ರಿಷಿಯನ್ ಎಲ್ಲ ಸರಿಹೋಗುತ್ತಾ?”

ನನ್ನ ಕ್ಲಾಸಿನಲ್ಲಿ ಅತ್ಯಂತ ನೀಟಾಗಿ ಪ್ಯಾನೆಲ್ ವೈರಿಂಗ್ ಮಾಡೋದು ಹುಡುಗಿಯರು. ಫೋನ್ ಜೋಡಣೆ ಕಾರ್ಖಾನೆಗಳು ಹೆಣ್ಣುಮಕ್ಕಳನ್ನೇ ಹುಡುಕಿಕೊಂಡು ಬರುತ್ತಿವೆ. ಕೆಲಸ ಸಿಗುತ್ತಾ ಅನ್ನುವ ಪ್ರಶ್ನೆಗಿಂತ ಹೋಗಿಬರೋದು ಹೇಗೆ ಅನ್ನೋದೇ ದೊಡ್ಡದು. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಖರ್ಚಿಲ್ಲ. ರಾತ್ರಿ ಪಾಳಿ ಇದ್ದರೆ ಕಂಪನಿಯ ವಾಹನ ಮನೆಯ ಹತ್ತಿರಕ್ಕೆ ಬರುತ್ತದೋ, ಹೈವೇಯಲ್ಲಿ ಇಳಿಸಿ ಹೋಗುತ್ತದೋ? ಹಾಸ್ಟೆಲ್ ಇದ್ದರೆ ಒಂದು ರೂಮಿಗೆ ಎಷ್ಟು ಜನ? ಸೇರುವ ಮೊದಲು ಅಲ್ಲಿ ಈಗಾಗಲೇ ಇರುವ ಒಬ್ಬ ಹುಡುಗಿಯನ್ನು ಕೇಳಿ. ಎಚ್‌ಆರ್‌ನವರು ಹೇಳುವ ಉತ್ತರ ಬೇರೆ ಇರುತ್ತದೆ.

## ಅಪ್ರೆಂಟಿಸ್

“ಅಪ್ರೆಂಟಿಸ್ ಅಂದ್ರೆ ಕಮ್ಮಿ ದುಡ್ಡಿಗೆ ದುಡಿಸ್ಕೊಳ್ಳೋದು ತಾನೇ?”

ಕೆಲವು ಕಡೆ ಹೌದು, ಸುಳ್ಳು ಹೇಳಲಾರೆ. ಆದರೆ ಎಲ್ಲಾ ಕಡೆ ಅಲ್ಲ.

ಕೆಲಸದ ಜಾಗದಲ್ಲೇ ಕೆಲಸ ಕಲಿಯುವ ಈ ತರಬೇತಿಗೆ 1961ರಿಂದ ಕಾಯ್ದೆಯೇ ಇದೆ. 30 ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಜಾಗದಲ್ಲಿ ಒಟ್ಟು ಸಿಬ್ಬಂದಿಯ 2.5ರಿಂದ 15 ಶೇಕಡಾ ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು. 2019ರಲ್ಲಿ ನಿಗದಿಯಾದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ ಐಟಿಐ ಆದವರಿಗೆ 7,000 ರೂ., ಡಿಪ್ಲೊಮಾಗೆ 8,000, ಡಿಗ್ರಿಗೆ 9,000. ಇದು ಕನಿಷ್ಠ ಮಾತ್ರ, ಜಾಸ್ತಿ ಕೊಡುವವರೂ ಇದ್ದಾರೆ. ಸಹಿ ಮಾಡುವ ದಿನ ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಆಗಿನ ದರ ನೋಡಿಕೊಳ್ಳಿ.

ಕಾಯ್ದೆ ಪ್ರಕಾರ ಅಪ್ರೆಂಟಿಸ್ ಕಾರ್ಮಿಕ ಅಲ್ಲ, ಕಲಿಯುವವ. ಹಾಗಾಗಿ ಪಿಎಫ್ ಇರೋದಿಲ್ಲ. ಅದೇ ಕಾರಣಕ್ಕೆ ಅವನಿಗೆ ಕಲಿಸಲೇಬೇಕು. ಕಲಿಸುತ್ತಿದ್ದಾರೋ ಇಲ್ಲವೋ ಅಂತ ತಿಳಿಯೋಕೆ ನನ್ನದೊಂದು ಪರೀಕ್ಷೆ ಇದೆ. ಮೂರು ತಿಂಗಳಾದ ಮೇಲೆ ಹುಡುಗನನ್ನು ಕೇಳುತ್ತೇನೆ, “ಎಷ್ಟು ಮೆಷಿನ್ ಮುಟ್ಟಿದೆ?” ಎರಡು ಮೂರು ವಿಭಾಗ ಸುತ್ತಿದ್ದರೆ, ಹೊಸ ಅಳತೆ ಉಪಕರಣ ಹಿಡಿದಿದ್ದರೆ, ಸಂತೋಷ. ಮೊದಲ ದಿನ ನಿಲ್ಲಿಸಿದ ಪ್ರೆಸ್ ಮುಂದೆಯೇ ಇನ್ನೂ ನಿಂತು ಅದೇ ತಗಡು ಇಡುತ್ತಿದ್ದರೆ ಅದು ತರಬೇತಿ ಅಲ್ಲ. ನಾನೇ ಫೋನ್ ಮಾಡಿ ಮಾತಾಡುತ್ತೇನೆ. ನಿಮ್ಮ ಐಟಿಐ ಅಥವಾ ಕಾಲೇಜಿನವರ ಕೈಯಲ್ಲೂ ಮಾಡಿಸಿ.

“ನ್ಯಾಪ್ಸ್, ನ್ಯಾಟ್ಸ್ ಎರಡೂ ಒಂದೇನಾ?”

ಬೇರೆ ಬೇರೆ. ಎರಡೂ ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆಗಳೇ, ಆದರೆ ಐಟಿಐ ಆದವರು ಹೆಚ್ಚಾಗಿ ನ್ಯಾಪ್ಸ್‌ನಲ್ಲಿ ಬರುತ್ತಾರೆ. ಡಿಪ್ಲೊಮಾ, ಡಿಗ್ರಿಯವರಿಗೆ ನ್ಯಾಟ್ಸ್. ನಮ್ಮ ರಾಜ್ಯದ ನ್ಯಾಟ್ಸ್ ವ್ಯವಹಾರ ಚೆನ್ನೈನಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್ ತರಬೇತಿ ಮಂಡಳಿಯದು. ಎರಡಕ್ಕೂ ನೋಂದಣಿಗೆ ದುಡ್ಡಿಲ್ಲ.

“ಅಪ್ರೆಂಟಿಸ್ ಮುಗಿದ ಮೇಲೆ ಅಲ್ಲೇ ಪರ್ಮನೆಂಟ್ ಆಗುತ್ತಾ?”

ಅಂಥ ಬಾಧ್ಯತೆ ಕಂಪನಿಗೆ ಇಲ್ಲ. ಕರಾರಿನಲ್ಲಿ ಬರೆದಿದ್ದರೆ ಮಾತ್ರ. ಬೆಂಗಳೂರಿನ ಎಚ್‌ಎಎಲ್, ಬಿಇಎಲ್‌ನಂಥ ಕಡೆ ಮಾಡಿದ ಅಪ್ರೆಂಟಿಸ್ ಸರ್ಟಿಫಿಕೇಟಿಗೆ ಹೊರಗೆ ಒಳ್ಳೇ ಬೆಲೆ ಇದೆ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್ 1, ಅಂದರೆ ಆರಂಭದ ಹಂತದ ನೇಮಕಾತಿಯಲ್ಲಿ ಶೇ 20ರಷ್ಟು ಮೀಸಲಿದೆ. ಹುಬ್ಬಳ್ಳಿ ವರ್ಕ್‌ಶಾಪಿಗೆ ಅರ್ಜಿ ಹಾಕುವ ಹುಡುಗರಿಗೆ ನಾನು ಇದನ್ನೇ ನೆನಪಿಸೋದು. ಒಂದು ವರ್ಷದ ಕೊನೆಗೆ ಪರೀಕ್ಷೆ ಬರೆದು ಎನ್‌ಎಸಿ (ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ) ತಗೊಳ್ಳದೆ ಬಂದರೆ ಮಾತ್ರ ಇದೆಲ್ಲ ನೀರಿನಲ್ಲಿ ಹೋಮ. ಬಹಳ ಜನ ಆ ಪರೀಕ್ಷೆಯ ಹೊತ್ತಿಗೆ ಬೇರೆ ಕೆಲಸ ಸಿಕ್ಕಿತು ಅಂತ ಹೋಗಿಬಿಡುತ್ತಾರೆ.

## ಡಿಗ್ರಿ ಆದವರು

“ಬಿಎ ಮಾಡಿ ಮನೇಲಿ ಕೂತಿದ್ದೀನಿ ಸರ್. ತಪ್ಪು ಮಾಡಿದ್ನಾ?”

ಬಿಎ ಮಾಡಿದ್ದು ತಪ್ಪಲ್ಲ. ಮೂರು ವರ್ಷದಲ್ಲಿ ಒಂದು ದಿನವೂ ಯಾವ ಕೆಲಸದ ಜಾಗವನ್ನೂ ಒಳಗಿನಿಂದ ನೋಡದೆ ಬಂದಿದ್ದು ತೊಂದರೆ. ಅದಕ್ಕೆ ನಿಮಗಿಂತ ಕಾಲೇಜಿನದ್ದೇ ಹೊಣೆ ಜಾಸ್ತಿ.

ಈಗಲೂ ದಾರಿ ಇದೆ. ನ್ಯಾಟ್ಸ್‌ನಲ್ಲಿ ಬಿಎ, ಬಿಕಾಂ, ಬಿಎಸ್ಸಿ ಆದವರಿಗೂ ಅಪ್ರೆಂಟಿಸ್ ಜಾಗ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಬಿಕಾಂ ಆದವರು ಊರಿನ ಲೆಕ್ಕ ಪರಿಶೋಧಕರ ಕಚೇರಿಯಲ್ಲಿ ಆರು ತಿಂಗಳು ಕೂತು ಜಿಎಸ್‌ಟಿ ರಿಟರ್ನ್ ಫೈಲ್ ಮಾಡೋದು, ಬ್ಯಾಂಕ್ ಲೆಕ್ಕ ತಾಳೆ ನೋಡೋದು ಕಲಿತರೆ ಸಾಕು. ಟ್ಯಾಲಿ ಸರ್ಟಿಫಿಕೇಟ್ ಇದ್ದೂ ಒಂದು ಪರ್ಚೇಸ್ ಬಿಲ್ ನಮೂದಿಸಲಾಗದೆ ತಡವರಿಸಿದವರನ್ನು ನೋಡಿದ್ದೇನೆ.

ತಂಗಿ, ತಮ್ಮ ಈಗ ಡಿಗ್ರಿಗೆ ಸೇರುವವರಿದ್ದರೆ ಇನ್ನೊಂದು ವಿಚಾರ. ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅಪ್ರೆಂಟಿಸ್ ಸೇರಿಸಿಯೇ ಹೆಣೆದ ಡಿಗ್ರಿ ಶುರುವಾಗಿದೆ. ಓದುವಾಗಲೇ ಕಂಪನಿಯಲ್ಲಿ ಕಲಿಕೆ, ಜೊತೆಗೆ ಸ್ಟೈಪೆಂಡ್. ಇದರ ಹೆಸರು ಎಇಡಿಪಿ, ಹತ್ತಿರದ ಕಾಲೇಜಿನಲ್ಲಿ ಇದೆಯಾ ಅಂತ ಕೇಳಿ.

“ಡಿಗ್ರಿ ಈಗ ಮೂರು ವರ್ಷನಾ, ನಾಲ್ಕು ವರ್ಷನಾ?”

ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮೂರು. 2021–22ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದ್ಧತಿ ಬಂತು, 2024–25ರಿಂದ ಮತ್ತೆ ಮೂರು ವರ್ಷವಾಯಿತು. ಮಧ್ಯದ ಬ್ಯಾಚುಗಳವರು ಸಂದರ್ಶನಕ್ಕೆ ಹೋಗುವಾಗ ನಿಮ್ಮದು ಯಾವ ಪದ್ಧತಿ ಅಂತ ಒಂದೇ ವಾಕ್ಯದಲ್ಲಿ ಹೇಳುವ ಹಾಗೆ ತಯಾರಾಗಿರಿ.

“ಯುವನಿಧಿ ಬರ್ತಿದೆ. ಅಪ್ರೆಂಟಿಸ್ ಸೇರಿದ್ರೆ ನಿಂತುಹೋಗುತ್ತಾ?”

ಹೌದು, ಸ್ಟೈಪೆಂಡ್ ಬರುವ ಅಪ್ರೆಂಟಿಸ್‌ಗೆ ಯುವನಿಧಿ ಇಲ್ಲ. ಆದರೆ ಲೆಕ್ಕ ನೋಡಿ. ಯುವನಿಧಿ ತಿಂಗಳಿಗೆ ಡಿಗ್ರಿಯವರಿಗೆ 3,000 ರೂ., ಡಿಪ್ಲೊಮಾದವರಿಗೆ 1,500. ಅದೂ ಹೆಚ್ಚೆಂದರೆ ಎರಡು ವರ್ಷ. ಕೆಲಸ ಹುಡುಕುವಾಗ ಬಸ್ ಚಾರ್ಜಿಗೆ, ಅರ್ಜಿ ಶುಲ್ಕಕ್ಕೆ ಆಗಲಿ ಅಂತ ಕೊಡುವ ದುಡ್ಡು ಅದು. ಅದು ನಿಲ್ಲುತ್ತದೆ ಅಂತ 9,000ದ ಅಪ್ರೆಂಟಿಸ್ ಬಿಟ್ಟ ಹುಡುಗಿ ಒಬ್ಬಳಿದ್ದಳು. ಅವಳ ಅಮ್ಮನ ಜೊತೆ ಅರ್ಧ ಗಂಟೆ ಮಾತಾಡಿ ಒಪ್ಪಿಸಬೇಕಾಯಿತು.

“ಬಿಇ ಮುಗಿಸಿದೆ. ಆಪರೇಟರ್ ಕೆಲಸಕ್ಕೆ ಹೋಗ್ಲಾ? ಡಿಗ್ರಿ ಮುಚ್ಚಿಟ್ರೆ ತಗೊಳ್ತಾರಂತೆ.”

ಮುಚ್ಚಿಡಬೇಡಿ. ಗೊತ್ತಾದ ದಿನ ಸುಳ್ಳು ಹೇಳಿದ ಅಂತ ತೆಗೆಯುತ್ತಾರೆ, ಅನುಭವದ ಪತ್ರವೂ ಸಿಗೋದಿಲ್ಲ. ಅದೇ ಕಾರ್ಖಾನೆಯಲ್ಲಿ ಗ್ರ್ಯಾಜುಯೇಟ್ ಅಪ್ರೆಂಟಿಸ್ ಅಥವಾ ಟ್ರೈನಿ ಅಂತ ಕೇಳಿ. ದುಡ್ಡು ಸ್ವಲ್ಪ ಕಮ್ಮಿ ಆದರೂ ನೀವು ಯಾರು ಅನ್ನೋದು ದಾಖಲೆಯಲ್ಲಿ ಇರುತ್ತದೆ.

“ಸರ್ಕಾರಿ ಕೆಲಸಕ್ಕೆ ಓದ್ತಾ ಮೂರು ವರ್ಷ ಆಯ್ತು. ಬಿಡ್ಲಾ?”

ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ, ವಿಜಯಪುರದಲ್ಲಿ ರೀಡಿಂಗ್ ರೂಮಿನ ಒಂದು ಕುರ್ಚಿ, ಒಂದು ಲೈಟು ಹಿಡಿದು ಕೂತವರ ಪತ್ರಗಳು ನನಗೆ ಬಹಳ ಬರುತ್ತವೆ. ಬಿಡಿ ಅಂತಲೂ ಹೇಳೋದಿಲ್ಲ, ಓದಿ ಅಂತಲೂ ಹೇಳೋದಿಲ್ಲ. ಒಂದು ತಾರೀಕು ಗೊತ್ತು ಮಾಡಿ. ಅಲ್ಲಿಯ ತನಕ ವಾರಕ್ಕೆ ಮೂರು ದಿನವಾದರೂ ಏನಾದರೂ ಕೆಲಸ ಮಾಡಿ. ಖಾಲಿ ಬಿಟ್ಟ ಮೂರು ವರ್ಷವನ್ನು ಖಾಸಗಿ ಸಂದರ್ಶನದಲ್ಲಿ ವಿವರಿಸೋದು ಕಷ್ಟ.

ಪುಸ್ತಕದಾಚೆಯ ಸರ್ಕಾರಿ ಕೆಲಸಗಳೂ ಇವೆ. 2024ರಲ್ಲಿ ಕರೆದ ವಿದ್ಯುತ್ ಕಂಪನಿಗಳ ಕಿರಿಯ ಪವರ್‌ಮ್ಯಾನ್ ಹುದ್ದೆಗಳಿಗೆ ಎಸ್ಸೆಸ್ಸೆಲ್ಸಿ ಅಂಕವೇ ಆಧಾರವಾಗಿತ್ತು, ಜೊತೆಗೆ ಎಂಟು ಮೀಟರ್ ಕಂಬ ಹತ್ತಬೇಕಿತ್ತು. ಊರಿನಲ್ಲಿ ತೆಂಗಿನಮರ ಹತ್ತಿ ಅಭ್ಯಾಸ ಇದ್ದವರು ನಗುತ್ತಾ ಬಂದರು.

## ಕೆಲಸದಲ್ಲಿದ್ದು ದಾರಿ ಬದಲಿಸುವವರು

“ನಂಗೆ 38. ಲೇತ್ ಮೇಲೆ 16 ವರ್ಷ ಕಳೆದೆ. ಈಗೆಲ್ಲ ಸಿಎನ್‌ಸಿ. ನನ್ನಂಥವನಿಗೆ ತಲೆಗೆ ಹತ್ತುತ್ತಾ?”

ಹತ್ತುತ್ತದೆ. ನಿಮಗೆ ಗೊತ್ತಿರುವುದರಲ್ಲಿ ಮುಕ್ಕಾಲು ಭಾಗ ಅಲ್ಲೂ ಬೇಕು. ಕಟ್ ಜಾಸ್ತಿ ಆದಾಗ ಮೆಷಿನ್ ಕೂಗುವ ಸದ್ದು, ಚಿಪ್ಸ್ ನೀಲಿಗೆ ತಿರುಗಿದರೆ ಬಿಸಿ ಎಷ್ಟಿದೆ, ಜಾಬ್ ಹಿಡಿತ ಸಡಿಲ ಆದರೆ ಮೇಲ್ಮೈ ಹೇಗಿರುತ್ತದೆ. ಇದು ಯಾವ ಪರದೆಯಲ್ಲೂ ಬರೆದಿರೋದಿಲ್ಲ.

ಹೊಸದಾಗಿ ಕಲಿಯಬೇಕಾದ್ದು ಭಾಷೆ. ಹ್ಯಾಂಡಲ್ ತಿರುಗಿಸಿ ಟೂಲ್ ಒಯ್ಯುತ್ತಿದ್ದಿರಲ್ಲ, ಈಗ ಜಿ00 ಅಂದರೆ ಖಾಲಿಯಲ್ಲಿ ವೇಗವಾಗಿ ಹೋಗು, ಜಿ01 ಅಂದರೆ ಹೇಳಿದ ಫೀಡ್‌ನಲ್ಲಿ ನೇರ ಕತ್ತರಿಸುತ್ತಾ ಹೋಗು. ಎಂ03 ಸ್ಪಿಂಡಲ್ ತಿರುಗಿಸು, ಎಂ05 ನಿಲ್ಲಿಸು. ನಿತ್ಯದ ಕೆಲಸಕ್ಕೆ ಇಂಥ ಎರಡು ಮೂರು ಡಜನ್ ಕೋಡ್ ಸಾಕು. ನನ್ನ ಹತ್ತಿರ ಸಂಜೆ ಬರುತ್ತಿದ್ದ ಒಬ್ಬ ಹಳೇ ಟರ್ನರ್ ಅವನ್ನು ಸಿಗರೇಟ್ ಪ್ಯಾಕಿನ ಹಿಂದೆ ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದರು. ಜಿ00 ಮುಂದೆ ‘ಓಡು’, ಜಿ01 ಮುಂದೆ ‘ನಡಿ’.

ಜಿಟಿಟಿಸಿಯಲ್ಲಿ, ಕೆಲವು ಐಟಿಐಗಳಲ್ಲಿ ಅಲ್ಪಾವಧಿ ಕೋರ್ಸ್ ಇದೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದ್ದಾರೆ, ಹೊಸ ಮೆಷಿನ್‌ಗಳು ಅಲ್ಲಿವೆ. ಸರ್ಟಿಫಿಕೇಟೇ ಇಲ್ಲದೆ ಕೆಲಸ ಕಲಿತವರಿಗೆ ಆರ್‌ಪಿಎಲ್ ಅಂತ ಇದೆ, ಗೊತ್ತಿರುವ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ. ಆಪರೇಟರ್ ಆಗಿ ಸೇರಿ, ಸೆಟ್ಟರ್ ಆಗುವ ತನಕ ಬಿಡಬೇಡಿ. ಬಟನ್ ಒತ್ತುವವನಿಗೂ ಸೆಟ್ಟಿಂಗ್ ಮಾಡುವವನಿಗೂ ಸಂಬಳದಲ್ಲಿ ದೊಡ್ಡ ಅಂತರ ಇದೆ.

“ಎಐ, ರೋಬೋ ಎಲ್ಲ ಬಂದ್ಮೇಲೆ ಈ ಕೋರ್ಸ್‌ಗಳೆಲ್ಲ ವೇಸ್ಟ್ ಅಲ್ವಾ?”

ಕೆಲವು ಕೆಲಸ ಹೋಗುತ್ತವೆ. ಬಿಲ್ ನೋಡಿ ಅಂಕಿ ಟೈಪ್ ಮಾಡುವ ಕೆಲಸ ಈಗಾಗಲೇ ಹೋಗುತ್ತಿದೆ. ಅದಕ್ಕೇ ಕೋಪಾ ಮಕ್ಕಳಿಗೆ ಟೈಪಿಂಗ್ ಮಾತ್ರ ನಂಬಬೇಡಿ ಅಂತೀನಿ. ಕಾರು ಕಾರ್ಖಾನೆಯ ವೆಲ್ಡ್ ಶಾಪಿನಲ್ಲಿ ರೋಬೋ ಬಂದು ಬಹಳ ಕಾಲವಾಯಿತು. ಆ ರೋಬೋದ ಟಿಪ್ ಸವೆದಾಗ ಬದಲಿಸುವವನು, ಕೇಬಲ್ ಹೋದಾಗ ಪ್ಯಾನೆಲ್ ಬಿಚ್ಚಿ ಹುಡುಕುವವನು ನಮ್ಮ ಎಲೆಕ್ಟ್ರಿಷಿಯನ್ ಹುಡುಗ. ಒಂದೇ ಕೆಲಸವನ್ನು ಒಂದೇ ಥರ ಮಾಡುವ ಜಾಗದಲ್ಲಿದ್ದರೆ ಎಚ್ಚರ ಇರಲಿ. ಪ್ರತಿ ಸಲ ಬೇರೆ ತೊಂದರೆ ಬರುವ ಮೇಂಟೆನೆನ್ಸ್ ಕೆಲಸ ಅಷ್ಟು ಬೇಗ ಹೋಗೋದಿಲ್ಲ ಅಂತ ನನ್ನ ಅಂದಾಜು.

“ಕೆಲಸ ಕೊಡಿಸೋರು ಒರಿಜಿನಲ್ ಮಾರ್ಕ್ಸ್ ಕಾರ್ಡು, ಡಿಪಾಸಿಟ್ ಕೇಳ್ತಿದಾರೆ. ಕೊಡ್ಲಾ?”

ಎರಡೂ ಬೇಡ. ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ತಗೊಂಡು ಬನ್ನಿ. ಕಾಲೇಜುಗಳು ಕೂಡ ಒರಿಜಿನಲ್ ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ನನ್ನ ವಿದ್ಯಾರ್ಥಿಯೊಬ್ಬ ಒಂದು ಏಜೆನ್ಸಿಗೆ ಕಾರ್ಡು ಕೊಟ್ಟ. ಎರಡು ತಿಂಗಳಲ್ಲಿ ಅಲ್ಲಿಗೆ ಬೀಗ ಬಿತ್ತು. ನಕಲು ಕಾರ್ಡು ಮಾಡಿಸೋಕೆ ಪೊಲೀಸ್ ಠಾಣೆ, ನೋಟರಿ, ಬೋರ್ಡು ಅಂತ ಓಡಾಡುವಷ್ಟರಲ್ಲಿ ರೈಲ್ವೆ ಅರ್ಜಿಯ ಕೊನೇ ದಿನ ದಾಟಿತ್ತು.

“ಕಾಂಟ್ರಾಕ್ಟ್ ಕೆಲಸ, ಕೈಗೆ 16 ಸಾವಿರ ಅಂತಾರೆ. ಏನು ನೋಡ್ಬೇಕು?”

ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಟ್ಟುತ್ತಾರಾ ಅಂತ ನೋಡಿ. 20 ಅಥವಾ ಹೆಚ್ಚು ಜನ ಇರುವ ಜಾಗದಲ್ಲಿ ಪಿಎಫ್ ಕಡ್ಡಾಯ. ಇಎಸ್‌ಐ ಹತ್ತು ಜನ ಇರುವ ಜಾಗಕ್ಕೇ ಅನ್ವಯಿಸುತ್ತದೆ, 21,000 ರೂ.ವರೆಗಿನ ಸಂಬಳದವರಿಗೆ. ಗುತ್ತಿಗೆದಾರ ಬದಲಾದಾಗ ಹೊಸ ಯುಎಎನ್, ಅಂದರೆ ಪಿಎಫ್ ನಂಬರ್ ಮಾಡಿಸಿಕೊಳ್ಳಬೇಡಿ, ಹಳೇ ನಂಬರ್ ಕೊಡಿ. ಐದು ವರ್ಷ ಕೆಲಸ ಮಾಡಿದ್ದೀನಿ ಅಂತ ತೋರಿಸೋಕೆ ಎಷ್ಟೋ ಜನರಿಗೆ ಆ ಪಿಎಫ್ ಪಾಸ್‌ಬುಕ್ ಒಂದೇ ಸಾಕ್ಷಿ.

“ಗಲ್ಫ್, ಜಪಾನ್, ಜರ್ಮನಿ ಅಂತಾರೆ. ನಂಬಬಹುದಾ?”

ಕರಾವಳಿಯವರಿಗೆ ಗಲ್ಫ್ ಹೊಸದಲ್ಲ, ಮನೆಗೊಬ್ಬರು ಹೋಗಿಬಂದಿದ್ದಾರೆ. ಜಪಾನ್ ಹೊಸ ಬಾಗಿಲು. 2019ರಿಂದ ಅವರ ನುರಿತ ಕೆಲಸಗಾರರ ವೀಸಾಗೆ ಕೌಶಲ ಪರೀಕ್ಷೆ ಮತ್ತು ಎನ್4 ಮಟ್ಟದ, ಅಂದರೆ ಸರಳ ಮಾತುಕತೆಯಷ್ಟು ಜಪಾನಿ ಭಾಷೆ ಬೇಕು. ಜರ್ಮನಿಗೆ ಹೋಗುವ ನರ್ಸ್‌ಗಳಿಗೂ ಭಾಷೆಯೇ ಮೊದಲ ಗೋಡೆ. ಭಾಷೆ ಬೇಡ, ವಾರದಲ್ಲಿ ವೀಸಾ ಅನ್ನುವವರ ಮಾತು ಅಲ್ಲೇ ನಿಲ್ಲಿಸಿ.

ಏಜೆಂಟ್ ಹೆಸರು ಕೇಂದ್ರ ಸರ್ಕಾರದ ಇಮೈಗ್ರೇಟ್ ಪಟ್ಟಿಯಲ್ಲಿದೆಯಾ ನೋಡಿ. ನೋಂದಾಯಿತ ಏಜೆಂಟ್ ನಿಮ್ಮಿಂದ ತಗೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂ., ಮೇಲೆ ಜಿಎಸ್‌ಟಿ. ರಾಜ್ಯ ಸರ್ಕಾರದ ಕೌಶಲ ಇಲಾಖೆಯಲ್ಲೇ ಹೊರದೇಶದ ಕೆಲಸಕ್ಕೆ ಅಂತ ಒಂದು ಕೇಂದ್ರ ಇದೆ, ಮೊದಲು ಅಲ್ಲಿ ಕೇಳಿ. ಕೆಲಸದ ಕರಾರು ನೀವು ಓದುವ ಭಾಷೆಯಲ್ಲಿ ಕೈಗೆ ಬರುವ ತನಕ ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ. ಬಂದ ಮೇಲೆ ಅದರ ಫೋಟೋ ಮನೆಯವರಿಗೆ ಕಳಿಸಿ, ನನಗೂ ಒಂದು ಕಳಿಸಿ.